ಉಪ್ಪಿನ ಗಂಟು, ಕೆಂಪು ಬೆಳಕು, ಅರಿಶಿನದ ಮಾತ್ರೆ

(ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೂತು ಕೂತು ಮಂಡಿ ಹಿಡಿದುಕೊಂಡರೆ ದಯವಿಟ್ಟು ಎದ್ದು ನಾಲ್ಕು ಹೆಜ್ಜೆ ಓಡಾಡಿ. ಮಾತಿನ ಮಧ್ಯೆ ಎದ್ದರೆ ಚೆನ್ನಾಗಿರಲ್ಲ ಅನ್ನೋ ಸಂಕೋಚ ಬೇಡ. ಮುಕ್ಕಾಲು ಗಂಟೆ ಒಂದೇ ಭಂಗಿಯಲ್ಲಿ ಕೂರುವುದು ಯಾವ ಮಂಡಿಗೂ ಹಿತವಲ್ಲ.

ನಾನು ಫಿಸಿಯೋಥೆರಪಿಸ್ಟ್. 26 ವರ್ಷದಿಂದ ಬೆನ್ನು, ಮಂಡಿ, ಕತ್ತು, ಭುಜಗಳ ಜೊತೆಯಲ್ಲೇ ನನ್ನ ದಿನ ಕಳೆಯುತ್ತದೆ. ಆದರೆ ನೋವಿಗೆ ಆರೈಕೆ ಮಾಡುವುದನ್ನು ನಾನು ಮೊದಲು ನೋಡಿದ್ದು ಕಾಲೇಜಿನಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ.

ನಮ್ಮಜ್ಜಿಗೆ ಎರಡೂ ಮಂಡಿ ನೋವು. ರಾತ್ರಿ ಊಟವಾದ ಮೇಲೆ ಅಮ್ಮ ಕಬ್ಬಿಣದ ಕಾವಲಿಯನ್ನು ಒಲೆ ಮೇಲಿಟ್ಟು ಎರಡು ಹಿಡಿ ಕಲ್ಲುಪ್ಪು ಹಾಕುತ್ತಿದ್ದರು. ಉಪ್ಪು ಚಟಪಟ ಅನ್ನೋಕೆ ಶುರುವಾದ ಮೇಲೆ ಇಳಿಸಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದರು. ಆ ಗಂಟು ನೇರವಾಗಿ ಅಜ್ಜಿಯ ಮಂಡಿಗೆ ಹೋಗುತ್ತಿರಲಿಲ್ಲ. ಮೊದಲು ತಮ್ಮ ಮುಂಗೈಯ ಒಳಭಾಗಕ್ಕೆ ಒತ್ತಿಕೊಂಡು, ಬಾಯಲ್ಲೇ ಹತ್ತರವರೆಗೆ ಎಣಿಸುತ್ತಿದ್ದರು. ಅಷ್ಟು ಹೊತ್ತು ಕೈ ತಡೆದುಕೊಂಡರೆ ಸರಿ. ಇಲ್ಲದಿದ್ದರೆ ಗಂಟನ್ನು ಸ್ವಲ್ಪ ಹೊತ್ತು ತಟ್ಟೆಯಲ್ಲಿ ಇಡಬೇಕು. ಮಂಡಿಗೆ ಒತ್ತಿದ ಮೇಲೂ ಎರಡು ಸಲ ಕೇಳುತ್ತಿದ್ದರು: "ಅತ್ತೆ, ಬಿಸಿ ಜಾಸ್ತಿ ಆಯ್ತಾ?" ಉಪ್ಪು ಆರಿದಾಗ ಶಾಖ ಮುಗಿಯಿತು. ಮತ್ತೆ ಬಿಸಿ ಮಾಡಿದ್ದು ನಾನು ನೋಡಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಮುಂಗೈಯಲ್ಲಿದೆ. ಎಷ್ಟು ಬಿಸಿ, ಎಷ್ಟು ಹೊತ್ತು, ಯಾರಿಗೆ. ಮನೆಮದ್ದಿಗೆ ಒಂದು ಅಳತೆ ಇತ್ತು. ಆ ಅಳತೆ ಪುಸ್ತಕದಲ್ಲಿರಲಿಲ್ಲ, ಮಾಡುವವರ ಕೈಯಲ್ಲಿತ್ತು. ಈಗ ನಮ್ಮ ಮನೆಗಳಿಗೆ ಬರುತ್ತಿರುವ ಹೊಸ ಮನೆಮದ್ದುಗಳು ಆ ಕೈ ಇಲ್ಲದೇ ಬರುತ್ತಿವೆ.

ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಬಟ್ಟೆಯ ಕೈಚೀಲದಿಂದ ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಅರಿಶಿನದ ಕ್ಯಾಪ್ಸೂಲ್ ಡಬ್ಬಿ. ಮೀನೆಣ್ಣೆ. ಕೀಲಿನ ಸವೆತಕ್ಕೆ ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ. ವಿಟಮಿನ್ ಡಿ ಪುಡಿಯ ಪೊಟ್ಟಣಗಳು. ಹೆಸರೂ ವಿಳಾಸವೂ ಇಲ್ಲದ ಕಂದು ಪುಡಿಯ ಒಂದು ಕವರ್. ಕೊನೆಗೆ ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಮಂಡಿ ಬೆಲ್ಟು, ಒಳಗಡೆ ಪುಟ್ಟ ಪುಟ್ಟ ಕೆಂಪು ದೀಪಗಳು. "ಮೇಡಂ, ಇದರಲ್ಲಿ ಯಾವುದು ನಿಜ, ಯಾವುದು ಸುಮ್ನೆ? ನೀವೇ ಹೇಳಿ" ಅಂದರು. ಅವರ ಚೀಲವನ್ನೇ ಇವತ್ತು ಇಲ್ಲಿ ಮತ್ತೆ ಬಿಚ್ಚುತ್ತೇನೆ ಅಂದುಕೊಳ್ಳಿ.

ಅದಕ್ಕೆ ಮುಂಚೆ ಉರಿಯೂತ ಅಂದರೆ ಏನು ಅಂತ ಎರಡು ಮಾತು. ಸುಮಾರು 2000 ವರ್ಷದ ಹಿಂದೆ ರೋಮ್‌ನ ಸೆಲ್ಸಸ್ ಎಂಬಾತ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಇದನ್ನೇ ಓದುತ್ತಾರೆ. ಕಾಲು ಉಳುಕಿದಾಗ ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ನೀರು ತುಂಬುತ್ತದೆ, ರಿಪೇರಿ ಮಾಡುವ ಜೀವಕೋಶಗಳು ಬರುತ್ತವೆ. ಅಂದರೆ ಊತ ನಮ್ಮ ಶತ್ರುವಲ್ಲ, ಮೈ ತನ್ನನ್ನು ತಾನೇ ಸರಿಮಾಡಿಕೊಳ್ಳುವ ಕೆಲಸ ಅದು. ಈ ಕೆಲಸದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳಿಗೆ ದೊಡ್ಡ ಪಾತ್ರ. ಆಸ್ಪಿರಿನ್ ಇವು ತಯಾರಾಗದಂತೆ ತಡೆಯುತ್ತದೆ ಅಂತ 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಕೆಲಸ ಮುಗಿದ ಮೇಲೂ ಉರಿಯೂತ ನಿಲ್ಲದಿದ್ದರೆ ಅದು ಕಾಯಿಲೆ. ಮಂಡಿನೋವು ಎಲ್ಲರಲ್ಲೂ ಒಂದೇ ಅಲ್ಲ ಅನ್ನುವುದು ಇಲ್ಲೇ ಗೊತ್ತಾಗುವುದು. ಬೆಳಿಗ್ಗೆ ಎದ್ದಾಗ ಕೀಲು ಹಿಡಿದುಕೊಂಡು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ಸಡಿಲವಾದರೆ ಅದು ಹೆಚ್ಚಾಗಿ ಸವೆತದ ನೋವು. ಬಿಗಿತ ಒಂದು ಗಂಟೆಗಿಂತ ಜಾಸ್ತಿ ಇದ್ದರೆ, ಎರಡೂ ಕೈಯ ಬೆರಳ ಕೀಲುಗಳು ಊದಿದ್ದರೆ, ಅದು ಸಂಧಿವಾತ ಇರಬಹುದು. ಅದಕ್ಕೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಮೊದಲ ಕೆಲವು ತಿಂಗಳಲ್ಲಿ ಸರಿಯಾದ ಔಷಧಿ ಶುರುವಾದರೆ ಕೀಲು ಉಳಿಯುತ್ತದೆ, ತಡವಾದರೆ ಸೊಟ್ಟಗಾಗುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಡದಂತಾಗಿ ಹೊದಿಕೆ ತಾಗಿದರೂ ಜೀವ ಹೋದಂತಾದರೆ ರಕ್ತದಲ್ಲಿ ಯೂರಿಕ್ ಆಸಿಡ್ ಎಷ್ಟಿದೆ ಅಂತ ನೋಡಿಸಿ. ಜ್ವರದ ಜೊತೆ ಒಂದೇ ಕೀಲು ಊದಿ ಬಿಸಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ಅನ್ನಬಾರದು.

ಇನ್ನೊಂದು ಬಗೆ ನಿಮಗೆಲ್ಲ ನೆನಪಿರುತ್ತದೆ. 2006ರ ಚಿಕುನ್‌ಗುನ್ಯಾ. ಆ ವರ್ಷ ನಮ್ಮ ರಾಜ್ಯದಲ್ಲೇ ಲಕ್ಷಗಟ್ಟಲೆ ಜನ ಮಲಗಿದರು. ಚಿಕುನ್‌ಗುನ್ಯಾ ಅನ್ನುವುದು ತಾಂಜಾನಿಯಾದ ಮಕೋಂಡೆ ಭಾಷೆಯ ಮಾತು, ಬಗ್ಗಿ ಹೋಗುವುದು ಅಂತ ಅರ್ಥ. ನೋವಿಗೆ ಇಷ್ಟು ಸರಿಯಾದ ಹೆಸರು ಇನ್ನೊಂದನ್ನು ನಾನು ಕೇಳಿಲ್ಲ. ಗದ್ದೆಯಲ್ಲಿ ಆಳುಗಳ ಸಮಕ್ಕೆ ದುಡಿಯುತ್ತಿದ್ದ ಹೆಂಗಸರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಆಗ ಊರೂರಲ್ಲಿ ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ ನಡೆಯಿತು. ವೈರಸ್ಸಿಗೆ ಅದು ಏನೂ ಮಾಡಲಿಲ್ಲ. ಆದರೆ ಆ ಬಿಸಿನೀರಿನ ಅರ್ಧ ಗಂಟೆಯಲ್ಲಿ ಅವರು ಕೈಕಾಲು ಆಡಿಸಿದರು. ಅದು ಸಣ್ಣ ಉಪಕಾರವಲ್ಲ.

ಬಿಸಿ, ತಂಪು ಎರಡರಲ್ಲಿ ಯಾವುದು ಅಂತ ದಿನಾ ಕೇಳುತ್ತಾರೆ. ಸುಲಭವಾಗಿ ಹೇಳುತ್ತೇನೆ. ಈಗಷ್ಟೇ ಉಳುಕಿದೆ, ಊದಿದೆ, ಮುಟ್ಟಿದರೆ ಬಿಸಿ ಇದೆ ಅಂದರೆ ತಂಪು. ಹಳೇ ನೋವು, ಬಿಗಿತ, ಮೈ ಹಿಡಿದುಕೊಂಡಿದೆ ಅಂದರೆ ಬಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ, ಅಷ್ಟೇ. ಐಸ್ ಇಡಿ, ಕಟ್ಟು ಕಟ್ಟಿ, ಕಾಲು ಎತ್ತಿಡಿ, ಅಲ್ಲಾಡಿಸಬೇಡಿ ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಹಲವು ವರ್ಷಗಳ ನಂತರ ಅವರೇ ತಮ್ಮ ಮಾತು ತಿದ್ದಿಕೊಂಡರು. ಐಸ್ ನೋವು ಕಡಿಮೆ ಮಾಡುತ್ತದೆ, ಆದರೆ ಹೆಚ್ಚು ಹೊತ್ತು ಇಟ್ಟರೆ ಮಾಯುವುದನ್ನು ತಡಮಾಡಬಹುದು ಅಂತ ಬರೆದರು. ತಾನು ಹೇಳಿದ್ದನ್ನು ತಾನೇ ತಿದ್ದಿಕೊಳ್ಳುವ ವೈದ್ಯರ ಮೇಲೆ ನನಗೆ ಗೌರವ ಜಾಸ್ತಿ.

ಬಿಸಿಯ ವಿಷಯದಲ್ಲಿ ಒಂದು ನೋವಿನ ಕಥೆ ಹೇಳಲೇಬೇಕು. ನನ್ನ ಸೋದರಮಾವನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಜೋಮು. ಒಂದು ಚಳಿಗಾಲದ ರಾತ್ರಿ ಬಿಸಿನೀರಿನ ಬ್ಯಾಗನ್ನು ಪಾದದ ಕೆಳಗಿಟ್ಟುಕೊಂಡು ನಿದ್ದೆ ಹೋದರು. ಬೆಳಿಗ್ಗೆ ಅತ್ತೆ ಹೊದಿಕೆ ತೆಗೆದಾಗ ಪಾದದ ತುಂಬಾ ಗುಳ್ಳೆ. ಮಾವನಿಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಆ ಗಾಯ ಮಾಯೋಕೆ ಐದು ತಿಂಗಳು ಬೇಕಾಯಿತು. ಜೋಮು ಇರುವ ಕಾಲಿಗೆ ಬಿಸಿ ತಗಲಿದ್ದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಬಿಸಿಯನ್ನು ಕಾಲಿನಿಂದ ಅಳೆಯಬೇಡಿ. ಮನೆಯಲ್ಲಿ ಇನ್ನೊಬ್ಬರ ಮುಂಗೈ ಇರಲಿ, ಮಲಗುವಾಗ ಯಾವ ಬಿಸಿಯೂ ಬೇಡ.

ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ ಮಂಡಿಗೆ ಕಟ್ಟುವುದು ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೆ, ಅಲ್ವಾ? ಎಲೆ ಕಾವನ್ನು ಹಿಡಿದಿಡುತ್ತದೆ, ಎಣ್ಣೆಯಿಂದ ಚರ್ಮ ಮೆತ್ತಗಾಗುತ್ತದೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಎಲೆ ಕಿತ್ತ ಕೈಯಿಂದ ಕಣ್ಣು ಉಜ್ಜಿಕೊಂಡು ಬಂದವರನ್ನು ಕಣ್ಣಿನ ಡಾಕ್ಟರುಗಳು ನೋಡುತ್ತಲೇ ಇರುತ್ತಾರೆ. ಎಲೆ ಕಿತ್ತು, ಹಾಲು ಸೋರಿ ಹೋಗಲು ಬಿಟ್ಟು, ಸೋಪು ಹಾಕಿ ಕೈ ತೊಳೆಯಿರಿ.

ನೋವಿನ ಎಣ್ಣೆ, ಬಾಮುಗಳ ಬಗ್ಗೆಯೂ ಹೇಳಬೇಕು. 1893ರಲ್ಲಿ ಮುಂಬೈಯಲ್ಲಿ ನಾಗೇಶ್ವರ ರಾವ್ ಅಮೃತಾಂಜನ ಶುರು ಮಾಡಿದಾಗಿನಿಂದ ನಮ್ಮ ಮನೆಗಳಲ್ಲಿ ಒಂದು ಬಾಮಿನ ಡಬ್ಬಿ ಇದ್ದೇ ಇದೆ. ಈ ಬಾಮುಗಳಲ್ಲಿ ಹಲವಕ್ಕೆ ಹಾಕುವ ಮಿಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಹತ್ತಿರದ ನೆಂಟ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಇದನ್ನು ದಿನಕ್ಕೆ ನಾಲ್ಕು ಸಲ ಹಚ್ಚಿದರೆ ರಕ್ತಸ್ರಾವ ಹೆಚ್ಚಾಗಬಹುದು. ಬಾಮ್ ಹಚ್ಚಿದ ಜಾಗಕ್ಕೆ ಬಿಸಿ ಶಾಖವನ್ನೂ ಕೊಡಬೇಡಿ, ಚರ್ಮ ಸುಡುತ್ತದೆ. ಇನ್ನು ಉಜ್ಜುವುದರಲ್ಲೇ ಅರ್ಧ ಗುಣ ಇದೆ. ಮಗು ಬಿದ್ದ ಕೂಡಲೇ ನಾವು ಮಂಡಿ ಉಜ್ಜುತ್ತೇವೆ. ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಮೊದಲು ತಲುಪಿ ನೋವಿನ ಸುದ್ದಿಗೆ ಬಾಗಿಲು ಹಾಕುತ್ತದೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿವರಿಸಿದರು. ತಾಯಂದಿರ ಕೈಗೆ ಅದು ಮೊದಲೇ ಗೊತ್ತಿತ್ತು.

ಈಗ ಮೇಷ್ಟ್ರ ಬೆಲ್ಟಿಗೆ ಬರೋಣ. ಕೆಂಪು ಬೆಳಕು.

ಬೆಳಕಿನಿಂದ ಚಿಕಿತ್ಸೆ ಅಂದರೆ ಎಷ್ಟೋ ಜನ ನಂಬುವುದಿಲ್ಲ, ಇನ್ನು ಕೆಲವರು ಪೂರಾ ನಂಬಿಬಿಡುತ್ತಾರೆ. 1903ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದೇ ಬೆಳಕಿನ ಚಿಕಿತ್ಸೆಗೆ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ತೀಕ್ಷ್ಣ ಬೆಳಕಿನಿಂದ ಗುಣಪಡಿಸಿದ್ದರು. ಆದರೆ ಇವತ್ತಿನ ಕೆಂಪು ಬೆಳಕಿನ ಕಥೆ ಹಂಗೇರಿಯಲ್ಲಿ ಶುರುವಾಗುತ್ತದೆ. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಎಂಬ ಸರ್ಜನ್ ಇಲಿಗಳ ಬೆನ್ನಿನ ಕೂದಲು ಬೋಳಿಸಿ ಮಾಣಿಕ್ಯದ ಲೇಸರ್ ಬಿಟ್ಟರು. ಅದಕ್ಕೆ ಮುಂಚೆ ಅಮೆರಿಕದಲ್ಲಿ ಒಬ್ಬರು ಲೇಸರ್‌ನಿಂದ ಗಡ್ಡೆ ಕರಗಿಸಿದ್ದರು. ಮೆಸ್ಟರ್ ಹತ್ತಿರ ಇದ್ದ ಲೇಸರ್‌ಗೆ ಅಷ್ಟು ಶಕ್ತಿ ಇರಲಿಲ್ಲ. ಗಡ್ಡೆ ಕರಗಲಿಲ್ಲ. ಆದರೆ ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು. ಮುಂದೆ ಅವರು ಮಾಯದ ಗಾಯಗಳ ಮೇಲೂ ಇದನ್ನು ಪ್ರಯತ್ನಿಸಿದರು. ಗಮನಿಸಿ, ಬೆಳಕು ಕಡಿಮೆ ಇದ್ದದ್ದರಿಂದಲೇ ಅದು ಕೆಲಸ ಮಾಡಿತು.

ನಮ್ಮ ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತ ಇದೆ. ಶಕ್ತಿ ತಯಾರಾಗುವ ಒಲೆ ಅಂದುಕೊಳ್ಳಿ. ಅಲ್ಲಿನ ಒಂದು ಕಿಣ್ವ ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕನ್ನೂ ಹೀರಿಕೊಳ್ಳುತ್ತದೆ. ಆಗ ಒಲೆ ಚೆನ್ನಾಗಿ ಉರಿಯುತ್ತದೆ, ಉರಿಯೂತ ತಗ್ಗುತ್ತದೆ ಅನ್ನುವುದು ಹೆಚ್ಚಿನ ಸಂಶೋಧಕರ ವಿವರಣೆ. ಇದಕ್ಕೆ ಎಲ್ಲ ಬಣ್ಣವೂ ಆಗುವುದಿಲ್ಲ. ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಸುಮಾರು 600ರಿಂದ 700 ನ್ಯಾನೊಮೀಟರ್‌ವರೆಗಿನ ಕೆಂಪು, 780ರಿಂದ 1100ವರೆಗಿನ ಅವಕೆಂಪು. ಚರ್ಮದಾಚೆ ಕೀಲಿನವರೆಗೆ ಹೋಗಬೇಕಾದರೆ ಅವಕೆಂಪೇ ಬೇಕು. ಬೆಲ್ಟಿನಲ್ಲಿ ಕಣ್ಣಿಗೆ ಚೆಂದ ಕಾಣುವ ಕೆಂಪಷ್ಟೇ ಇದ್ದರೆ ಅದು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ.

ಇದು ನಿಜವಾಗಿ ಗಟ್ಟಿಯಾಗಿ ನಿಂತಿರುವುದು ಎಲ್ಲಿ ಗೊತ್ತಾ? ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಬಾಯಲ್ಲಿ. ಕೀಮೋ, ರೇಡಿಯೇಷನ್ ಆದವರಿಗೆ ಬಾಯಿ ತುಂಬಾ ಹುಣ್ಣಾಗಿ ನೀರು ನುಂಗೋಕೂ ಆಗುವುದಿಲ್ಲ. ಆ ಹುಣ್ಣು ಬಾರದಂತೆ ಅಳತೆಯ ಲೇಸರ್ ಕೊಡಬಹುದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಕತ್ತು ನೋವಿಗೂ ಪುರಾವೆ ಇದೆ. 2009ರಲ್ಲಿ 16 ಅಧ್ಯಯನಗಳನ್ನು, 820 ರೋಗಿಗಳನ್ನು ಒಟ್ಟಿಗೆ ನೋಡಿದಾಗ ನೋವು ಇಳಿದಿತ್ತು. ಮಂಡಿ ಸವೆತದ 22 ಅಧ್ಯಯನಗಳನ್ನು 2019ರಲ್ಲಿ ಸೇರಿಸಿ ನೋಡಿದರು. ಸರಿಯಾದ ಪ್ರಮಾಣ ಕೊಟ್ಟ ಕಡೆ ನೋವು ಕಡಿಮೆಯಾಗಿತ್ತು, ಕಡಿಮೆ ಪ್ರಮಾಣ ಕೊಟ್ಟ ಕಡೆ ಗುಣ ಕಾಣಲಿಲ್ಲ. ಅಳತೆ ಮೀರಿ ಜಾಸ್ತಿ ಕೊಟ್ಟರೂ ಪರಿಣಾಮ ಇಳಿಯುತ್ತದೆ. ಅಮ್ಮನ ಉಪ್ಪಿನ ಗಂಟಿನ ಹಾಗೆಯೇ.

ಮೇಷ್ಟ್ರ ಬೆಲ್ಟಿನ ಪೆಟ್ಟಿಗೆಯನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ನ್ಯಾನೊಮೀಟರ್, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಬಲದ ಬೆಳಕು, ಎರಡೂ ಬರೆದಿರಲಿಲ್ಲ. ನಗುತ್ತಿರುವ ಅಜ್ಜ ಅಜ್ಜಿಯ ಚಿತ್ರ ಇತ್ತು. ಆ ಎರಡು ಅಂಕಿ ಇಲ್ಲದ ಯಂತ್ರಕ್ಕೆ ದುಡ್ಡು ಹಾಕಬೇಡಿ. ಅಂಕಿ ಇದ್ದರೆ ಲೆಕ್ಕ ಸುಲಭ. 50 ಮಿಲಿವ್ಯಾಟ್ ಅಂತಿದ್ದರೆ, ಒಂದು ಚದರ ಸೆಂಟಿಮೀಟರಿಗೆ 4 ಜೂಲ್ ಶಕ್ತಿ ಬೀಳೋಕೆ 80 ಸೆಕೆಂಡು ಬೇಕು. ಅಂಕಿ ಇರುವ ಯಂತ್ರ ತಂದರೂ ಎಷ್ಟು ಹೊತ್ತು, ಯಾವ ಜಾಗಕ್ಕೆ ಅನ್ನುವುದನ್ನು ನಿಮ್ಮ ಊರಿನ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಕಣ್ಣಿಗೆ ಬಿಡಬಾರದು. ಕ್ಯಾನ್ಸರ್ ಗಡ್ಡೆಯ ಮೇಲೆ ಮನೆಯಲ್ಲಿ ಪ್ರಯೋಗ ಮಾಡಬಾರದು. ಮೈಯ ರಕ್ಷಣಾ ಶಕ್ತಿ ಮೈಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರು, ಬಿಸಿಲಿಗೆ ಚರ್ಮ ಕೆರಳಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕ್ಲಿನಿಕ್ಕುಗಳಲ್ಲಿ ನೋಡಿರುವ ದೊಡ್ಡ ಕೆಂಪು ಇನ್‌ಫ್ರಾರೆಡ್ ಲ್ಯಾಂಪ್ ಬೇರೆ. ಅದು ಮುಖ್ಯವಾಗಿ ಕೊಡುವುದು ಶಾಖ. ಒಂದೂವರೆ ಎರಡು ಅಡಿ ದೂರ, 15 ನಿಮಿಷ. ಮಾವನ ಪಾದಕ್ಕೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ.

ದುಡ್ಡಿಲ್ಲದ ಬೆಳಕು ಬಿಸಿಲು. ಅದು ಕೊಡುವುದು ವಿಟಮಿನ್ ಡಿ. ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲು ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವೆ. ಮನಸ್ಸಿಗೆ ಒಳ್ಳೆಯದೇ. ಆದರೆ ವಿಟಮಿನ್ ಡಿ ಮಾಡುವ ಕಿರಣ ಆ ಹೊತ್ತಿನಲ್ಲಿ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಬೇಕು. ಕಿಟಕಿ ಗಾಜಿನ ಒಳಗೆ ಕೂತರೆ ಆ ಕಿರಣ ಬರುವುದೇ ಇಲ್ಲ. ಹತ್ತೂವರೆ ಹನ್ನೊಂದಕ್ಕೆ ಟೆರೇಸಿನಲ್ಲಿ ಹಪ್ಪಳ ಒಣಗಿಸುತ್ತಾ, ಕೈಕಾಲಿಗೆ ಬಿಸಿಲು ಬೀಳುವಂತೆ ಕಾಲು ಗಂಟೆ ಇದ್ದರೆ ಚೆನ್ನ.

ಕೊರತೆ ಇದ್ದರೆ ಡಾಕ್ಟರು 60,000 ಯೂನಿಟ್ಟಿನ ಪೊಟ್ಟಣ ಬರೆಯುತ್ತಾರೆ. ವಾರಕ್ಕೆ ಒಂದು. ನಮ್ಮ ಬೀದಿಯ ಒಬ್ಬ ಹೆಂಗಸು ಅದನ್ನು ದಿನಕ್ಕೊಂದು ಅಂತ ತಿಳಿದು ಒಂದೂವರೆ ತಿಂಗಳು ಹಾಲಿಗೆ ಹಾಕಿಕೊಂಡು ಕುಡಿದರು. ವಾಂತಿ, ಬಾಯಾರಿಕೆ, ಮಾತು ತಡವರಿಸಿತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು. ಚೀಟಿ ಕೊಟ್ಟವರು ವಾರಕ್ಕೆ ಅನ್ನೋ ಮಾತನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಸಂಕಟ. ಕೊರತೆ ಇರುವವರಿಗೆ ಅದು ಬೇಕೇ ಬೇಕು. ಆದರೆ ಅಮೆರಿಕದಲ್ಲಿ ಸುಮಾರು 26,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಮಂಡಿನೋವು ಇದ್ದವರನ್ನು ಬೇರೆಯಾಗಿ ನೋಡಿದಾಗ, ವಿಟಮಿನ್ ಡಿಯಿಂದಾಗಲೀ ಮೀನೆಣ್ಣೆಯಿಂದಾಗಲೀ ನೋವಿನಲ್ಲಿ ಫರಕು ಕಾಣಲಿಲ್ಲ.

ಮೀನೆಣ್ಣೆ ಸಂಧಿವಾತದವರಿಗೆ ಸ್ವಲ್ಪ ಆಸರೆ. ಅದೂ ದಿನಕ್ಕೆ ಎರಡೂವರೆ ಮೂರು ಗ್ರಾಂನಷ್ಟು ಒಮೆಗಾ-3 ಎಂಬ ಕೊಬ್ಬಿನಂಶ, ಕೆಲವು ತಿಂಗಳು, ಅವರ ಔಷಧಿಯ ಜೊತೆಗೆ. ಕರಾವಳಿಯವರು ಬೂತಾಯಿ, ಬಂಗುಡೆ ತಿನ್ನುತ್ತಾರೆ, ಅವರಿಗೆ ಅದು ತಟ್ಟೆಯಲ್ಲೇ ಸಿಗುತ್ತದೆ. ನಮ್ಮ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿ ಒಳ್ಳೆಯ ಆಹಾರ. ಆದರೆ ಅಗಸೆಯ ಒಮೆಗಾ ಮೈಯೊಳಗೆ ಮೀನಿನ ಒಮೆಗಾ ಆಗಿ ಬದಲಾಗುವುದು ತುಂಬಾ ಸ್ವಲ್ಪ.

ಗ್ಲುಕೋಸಮೈನ್ ಬಗ್ಗೆ ಹೇಳಲು ಹೆಚ್ಚಿಲ್ಲ. 2006ರಲ್ಲಿ ಅಮೆರಿಕದಲ್ಲಿ 1583 ಮಂಡಿನೋವಿನ ರೋಗಿಗಳಿಗೆ ಕೊಟ್ಟು ನೋಡಿದರು. ಬರೀ ಹಿಟ್ಟಿನಂಥ ಹುಸಿ ಮಾತ್ರೆಗಿಂತ ಒಟ್ಟಾರೆ ಮೇಲಾಗಲಿಲ್ಲ. ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು ಅಂಕಿ: ಹುಸಿ ಮಾತ್ರೆ ತಗೊಂಡವರಲ್ಲೂ 100ಕ್ಕೆ 60 ಜನರ ನೋವು ಇಳಿದಿತ್ತು. ನೋವು ಏರುತ್ತದೆ, ತಾನೇ ಇಳಿಯುತ್ತದೆ. ಯಾರೋ ವಿಚಾರಿಸಿದರು ಅನ್ನೋದರಿಂದಲೂ ಇಳಿಯುತ್ತದೆ. ಯಾವ ಡಬ್ಬಿಯಿಂದ ಗುಣವಾಯಿತು ಅಂತ ನಿರ್ಧರಿಸುವ ಮುಂಚೆ ಇದು ನೆನಪಿರಲಿ.

ಅರಿಶಿನ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಯಾಕೆಂದರೆ ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ಅರಿಶಿನದ ಹಳದಿ ಸಾರ ಕರ್ಕ್ಯುಮಿನ್. ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ಅದು ತಗ್ಗಿಸುತ್ತದೆ ಅನ್ನುವುದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡಿದೆ. ತೊಂದರೆ ಏನೆಂದರೆ ಅದು ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿತು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಅದೇ ಪ್ರಮಾಣದ ಜೊತೆ ಕರಿಮೆಣಸಿನ ಸಾರ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ಇವತ್ತು ಜಗತ್ತಿನ ಯಾವ ಅಂಗಡಿಯಲ್ಲಿ ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡರೂ ಬಹಳಷ್ಟರ ಮೇಲೆ ಕರಿಮೆಣಸು ಸೇರಿದೆ ಅಂತ ಬರೆದಿರುತ್ತದೆ. ಅದರ ಬೇರು ಬೆಂಗಳೂರಿನ ಈ ಕಾಲೇಜಿನಲ್ಲಿದೆ. ಕೆಮ್ಮಿಗೆ ಅರಿಶಿನದ ಹಾಲಿಗೆ ಮೆಣಸು ಕುಟ್ಟಿ ಹಾಕುವ ನಮ್ಮ ಅಜ್ಜಿಯಂದಿರು ನೆನಪಾಗುತ್ತಾರೆ, ಅಲ್ವಾ?

ಗುಣ ಇದೆಯಾ? 2014ರಲ್ಲಿ ಥಾಯ್ಲೆಂಡಿನಲ್ಲಿ 367 ಮಂಡಿನೋವಿನ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ. ನಾಲ್ಕು ವಾರದ ಕೊನೆಗೆ ಎರಡೂ ಹೆಚ್ಚೂಕಡಿಮೆ ಸಮ. ಹೊಟ್ಟೆಯ ತೊಂದರೆ ಅರಿಶಿನದವರಿಗೆ ಕಡಿಮೆ. ಹಾಗಾದರೆ ಹಾಲಿಗೆ ಹಾಕಿದರೆ ಸಾಕಾ? ಲೆಕ್ಕ ಹಾಕೋಣ. ಒಂದು ಟೀ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ 100ಕ್ಕೆ 3 ಪಾಲು. ಅಂದರೆ 90 ಮಿಲಿಗ್ರಾಂ. ಹಾಲಿಗೆ ನಾವು ಹಾಕುವುದು ಕಾಲು ಚಮಚ. ಹಿತವಾಗಿರುತ್ತದೆ, ನಿದ್ದೆ ಬರುತ್ತದೆ, ಕುಡಿಯಿರಿ. ಮಂಡಿಯ ಔಷಧಿ ಅಂತ ಅದನ್ನು ನೆಚ್ಚಬೇಡಿ.

ಕ್ಯಾಪ್ಸೂಲಿನಲ್ಲಿ ಪ್ರಮಾಣ ಇದೆ, ಜೊತೆಗೆ ಅಪಾಯವೂ ಇದೆ. ಇಟಲಿ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಅರಿಶಿನದ ಕ್ಯಾಪ್ಸೂಲ್ ನುಂಗಿದ ಕೆಲವರಿಗೆ ಲಿವರ್ ಊದಿಕೊಂಡಿದ್ದು ದಾಖಲಾಗಿದೆ. ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಕ್ಯಾಪ್ಸೂಲಿನಲ್ಲಿ ಈ ಅಪಾಯ ಜಾಸ್ತಿ ಇರಬಹುದು. ಕರಿಮೆಣಸಿನ ಸಾರ ಬೇರೆ ಮಾತ್ರೆಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸಬಲ್ಲದು. ಸಾರಿಗೆ ಹಾಕುವ ಅರಿಶಿನಕ್ಕೆ ಈ ಭಯ ಬೇಡ. ಕ್ಯಾಪ್ಸೂಲ್ ತಗೊಂಡು ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪಿತ್ತಕೋಶದಲ್ಲಿ ಕಲ್ಲು ಇರುವವರು, ರಕ್ತ ತೆಳು ಮಾಡುವ ಮಾತ್ರೆಯವರು, ಆಪರೇಷನ್ ದಿನ ಗೊತ್ತಾಗಿರುವವರು ಕೇಳದೆ ಶುರು ಮಾಡಬಾರದು.

ಕೊನೆಗೆ ಆ ಕಂದು ಪುಡಿ. ಮೇಷ್ಟ್ರು ಹೇಳಿದರು: "ಮೇಡಂ, ಎಲ್ಲದಕ್ಕಿಂತ ಇದೇ ಚೆನ್ನಾಗಿ ಕೆಲಸ ಮಾಡ್ತು. ಮೂರೇ ದಿನ." ನನಗೆ ಭಯವಾಗಿದ್ದು ಆ ಮಾತಿಗೇ. ಹತ್ತು ವರ್ಷದ ಮಂಡಿನೋವು ಗಿಡಮೂಲಿಕೆಯಿಂದ ಮೂರು ದಿನದಲ್ಲಿ ಹೋಗುವುದಿಲ್ಲ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಮೇಷ್ಟ್ರ ಕೆನ್ನೆ ಆಗಲೇ ತುಂಬಿತ್ತು. ಅವರ ಮನೆಯವರು ಮೈ ಬಂದಿದೆ ಅಂತ ಖುಷಿಪಟ್ಟಿದ್ದರಂತೆ. ಇಲ್ಲಿ ಒಂದು ಎಚ್ಚರ ಇರಲಿ. ತಿಂಗಳುಗಟ್ಟಲೆ ತಗೊಂಡಿದ್ದರೆ ಹೆದರಿ ಒಂದೇ ದಿನಕ್ಕೆ ಬಿಡಬೇಡಿ. ಮೈಗೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಒಳಗಿನ ಗ್ರಂಥಿ ಮಲಗಿಬಿಟ್ಟಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕಷ್ಟ. ಪುಡಿಯ ಕವರನ್ನು ತಗೊಂಡು ಅವತ್ತೇ ಡಾಕ್ಟರ ಹತ್ತಿರ ಹೋಗಿ, ಅವರು ನಿಧಾನವಾಗಿ ಇಳಿಸುತ್ತಾರೆ. ಮೇಷ್ಟ್ರನ್ನು ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ.

ಇಷ್ಟೆಲ್ಲ ಕೇಳಿ ನಾನು ನೋವಿನ ಮಾತ್ರೆಯ ಪರ ಅಂದುಕೊಳ್ಳಬೇಡಿ. ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನೆನಪಿಗೆ ಬಂದಾಗಲೆಲ್ಲ ನನಗೆ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳು ನೆನಪಾಗುತ್ತವೆ. ನೋವಿಗೆ ದನಗಳಿಗೆ ಕೊಟ್ಟ ಆ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಕಿಡ್ನಿ ಕೆಡಿಸಿತು. ದೇಶದ ಆಕಾಶವೇ ಖಾಲಿಯಾಯಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ನಾವು ಹದ್ದುಗಳಲ್ಲ, ಒಂದು ಮಾತ್ರೆಗೆ ನಮಗೇನೂ ಆಗುವುದಿಲ್ಲ. ಆದರೆ ಬಿಪಿ ಮಾತ್ರೆ ತಗೊಳ್ಳುತ್ತಾ, ನೀರು ಕಮ್ಮಿ ಕುಡಿಯುತ್ತಾ, ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ನಮ್ಮ ಕಿಡ್ನಿಯೂ ಸೋಲುತ್ತದೆ. ಮಂಡಿಗೆ ಅದೇ ಔಷಧಿಯ ಜೆಲ್ ಹಚ್ಚುವುದು ಎಷ್ಟೋ ವಾಸಿ, ರಕ್ತಕ್ಕೆ ಸೇರುವುದು ಸ್ವಲ್ಪವೇ.

ಶಾಖ, ಎಣ್ಣೆ, ಬೆಳಕು ಇವೆಲ್ಲ ನಮಗೆ ಅರ್ಧ ಗಂಟೆ ಕೊಡುತ್ತವೆ. ನೋವು ತಗ್ಗಿದ ಆ ಅರ್ಧ ಗಂಟೆಯಲ್ಲಿ ಹಾಯಾಗಿ ಮಲಗಿಬಿಟ್ಟರೆ ನಾಳೆ ಮತ್ತೆ ಅಲ್ಲೇ ಇರುತ್ತೀರಿ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಮಾಡಿ, ತೊಡೆ ಬಿಗಿ ಹಿಡಿದು ಐದು ಎಣಿಸಿ, ಇಳಿಸಿ. ಹತ್ತು ಸಲ. ಆಮೇಲೆ ಇನ್ನೊಂದು ಕಾಲು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಐದು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಅದು ಹೊರುತ್ತದೆ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಇಳಿದ ಹಾಗೆ. ಆರು ವಾರ ಬಿಡದೆ ಮಾಡಿದವರು ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯುವುದನ್ನು ಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಶಲ್ಲಕಿಯ ಬಗ್ಗೆ ಕೇಳಿದರು. ಧೂಪದ ಜಾತಿಯ ಮರದ ಅಂಟು ಅದು. 2003ರಲ್ಲಿ ನಾಗಪುರದಲ್ಲಿ 30 ಮಂಡಿನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ನೋವು, ಊತ ಎರಡೂ ಇಳಿದಿತ್ತು. 30 ಜನ ಅಂದರೆ ಸಣ್ಣ ಅಧ್ಯಯನ. ಒಳ್ಳೆಯ ಆಯುರ್ವೇದ ವೈದ್ಯರ ಹತ್ತಿರ, ಲೇಬಲ್ ಇರುವ ಔಷಧಿಯನ್ನೇ ತಗೊಳ್ಳಿ ಅಂದೆ. ತಗೊಳ್ಳುವುದನ್ನೆಲ್ಲ, ಅರಿಶಿನದ ಕ್ಯಾಪ್ಸೂಲನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ ಅಂತಲೂ ಹೇಳಿದೆ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಮುಂದಿನ ಸಾಲಿನ ಒಬ್ಬರು ಅಜ್ಜಿ ಕೊನೆಗೆ ಕೇಳಿದರು. "ಇದೆಲ್ಲ ನನಗೆ ನೆನಪಿರಲ್ಲ ಕಣಮ್ಮ. ರಾತ್ರಿ ಮಂಡಿ ಸೆಳೆಯುತ್ತೆ. ಇವತ್ತು ರಾತ್ರಿ ಏನು ಮಾಡಲಿ, ಅದು ಹೇಳು."

ನಾನು ಕೆಳಗಿಳಿದು ಅವರ ಪಕ್ಕ ಕೂತೆ. ಸಕ್ಕರೆ ಕಾಯಿಲೆ ಇಲ್ಲ, ಕಾಲಿನಲ್ಲಿ ಜೋಮು ಇಲ್ಲ. ಅಂಗೈ ಹಿಂಭಾಗದಿಂದ ಎರಡೂ ಮಂಡಿ ಮುಟ್ಟಿ ನೋಡಿದೆ. ಎರಡೂ ಒಂದೇ ಸಮ ಬೆಚ್ಚಗಿದ್ದವು, ಊತ ಇರಲಿಲ್ಲ. ಊಟಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡುವುದು ಹತ್ತು ಸಲ. ಊಟವಾದ ಮೇಲೆ ಉಪ್ಪಿನ ಗಂಟು, ಕಾಲು ಗಂಟೆ. ಪಕ್ಕಕ್ಕೆ ತಿರುಗಿ ಮಲಗುವಾಗ ಎರಡು ಮಂಡಿಗಳ ಮಧ್ಯೆ ಒಂದು ದಿಂಬು. ಇಷ್ಟು ಮಾಡಿ, ಎರಡು ವಾರದಲ್ಲಿ ಸೆಳೆತ ಇಳಿಯದಿದ್ದರೆ ನನ್ನ ಹತ್ತಿರ ಬನ್ನಿ ಅಂದೆ.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. "ಗಂಟು ಮೊದಲು ಕೈಗೆ ಇಟ್ಟು ಹತ್ತು ಎಣಿಸಬೇಕು, ಅಲ್ವಾ?"

"ಹೌದಮ್ಮ. ನಿಧಾನವಾಗಿ ಹತ್ತು."